ಇಪ್ಪತ್ತನಾಲ್ಕು ಗಂಟಿನ ಹಗ್ಗ, ಮೂವತ್ತಾರು ತುಂಡಿನ ಕೌದಿ

ಕಾಲು ಒರೆಸಿಕೊಂಡು ಬನ್ನಿ, ಮಕ್ಕಳೇ. ಈ ಕೌದಿಯ ಮೇಲೆ ಮಣ್ಣುಗಾಲು ಇಟ್ಟರೆ ಕಥೆ ಹೇಳುವುದಿಲ್ಲ.

ನಮ್ಮ ಕಾಲದಲ್ಲಿ ಮೊದಲು ಕೌದಿ ಹಾಸುತ್ತಿದ್ದರು, ಆಮೇಲೆ ಕಥೆ ಶುರುವಾಗುತ್ತಿತ್ತು. ಅಜ್ಜಿ ನಡುವೆ, ನಾವು ಸುತ್ತಲೂ. ಈಗ ಅಂಗಡಿಯಿಂದ ರಗ್ಗು ಬಂದಿವೆ. ಬೆಚ್ಚಗಿರುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ರಗ್ಗಿನಲ್ಲಿ ನಮ್ಮವರ್ಯಾರ ಸೀರೆಯೂ ಇರುವುದಿಲ್ಲ. ಹಳೆಯ ಬಟ್ಟೆ ತುಂಡು ತುಂಡಾಗಿ ಕತ್ತರಿಸಿ, ಜೋಡಿಸಿ, ಪದರ ಹಾಕಿ ಹೊಲಿದ ಕೌದಿಯಲ್ಲಿ ಇಡೀ ಮನೆಯೇ ಇರುತ್ತದೆ. ಆಯಿತು, ಸರಿದು ಕೂತಿರಾ? ನಡುನಡುವೆ ಹೂಂ ಅನ್ನಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ.

ಕೆಂಪುಗುಡ್ಡ ಅಂತ ಒಂದು ರಾಜ್ಯ ಇತ್ತು. ರಾಜ್ಯ ಎಂದರೆ ಭಾರೀ ದೊಡ್ಡದು ಅಂದುಕೊಳ್ಳಬೇಡಿ. ರಾಜ ಮಾಳಿಗೆಯ ಮೇಲೆ ನಿಂತು ಸೀನಿದರೆ ಗಡಿಯಲ್ಲಿ ದನ ಕಾಯುವವನು "ನೂರು ವರ್ಷ ಬಾಳ್ರಿ ಮಾರಾಜರ" ಅನ್ನುತ್ತಿದ್ದ. ಅಷ್ಟೇ ರಾಜ್ಯ.

ಆ ರಾಜ್ಯದಲ್ಲಿ ಒಂದು ಹಗ್ಗ ಇತ್ತು.

ಈಗಿನ ರಾಜ ಸೋಮರಾಜನ ಮುತ್ತಜ್ಜ ಊರು ಕಟ್ಟಿದಾಗ ಮನೆಗೊಂದು ತುಂಡು ನೆಲ ಹಂಚಿದ್ದ. ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಡಿಮೆ ಆಗಬಾರದೆಂದು ಆ ಹಗ್ಗ ಹೊಸೆಸಿದ. ಮಾರಿಗೊಂದು ಗಂಟು, ಒಟ್ಟು ಇಪ್ಪತ್ತನಾಲ್ಕು ಗಂಟು. ಮಾರು ಗೊತ್ತಲ್ಲ? ಎರಡೂ ಕೈ ಚಾಚಿ ನಿಂತರೆ ಈ ಬೆರಳ ತುದಿಯಿಂದ ಆ ಬೆರಳ ತುದಿ. ನಾಲ್ಕು ಮೂಲೆಗೆ ನಾಲ್ಕು ಗೂಟ ಹೊಡೆಯುವುದು. ಒಂದೊಂದು ಬದಿಗೆ ಆರಾರು ಮಾರು ಬಿಡುವುದು. ಹಗ್ಗ ಸುತ್ತಿ ಬಂದು ತುದಿಗೆ ತುದಿ ಕೂಡಿತೋ, ಆ ಚೌಕ ನಿಮ್ಮದು. ಎಲ್ಲರದೂ ಚೌಕವೇ, ಎಲ್ಲರದೂ ಅಷ್ಟೇ.

"ಹಗ್ಗ ಸರಿ ಬಂದ್ರ ನೆಲ ಸರಿ" ಅಂದ ಮುತ್ತಜ್ಜ.

ಅವನು ಹೇಳಿದ್ದು ಸುಳ್ಳಲ್ಲ. ಎಲ್ಲ ನೆಲವೂ ಚೌಕವಾಗಿದ್ದಾಗ ಹಗ್ಗ ಮೋಸ ಮಾಡುವುದಿಲ್ಲ.

ಮುತ್ತಜ್ಜ ಹೋದ. ಅಜ್ಜ ಹೋದ. ಅಪ್ಪನೂ ಹೋದ. ಹಗ್ಗ ಉಳಿಯಿತು, ಮಾತು ಉಳಿಯಿತು. ಚೌಕದ ಸಂಗತಿ ಮಾತ್ರ ಎಲ್ಲರೂ ಮರೆತರು. ಮಾನವಮಿ ಹಬ್ಬಕ್ಕೆ ಹಗ್ಗಕ್ಕೆ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದರು. ಜಗಳದಲ್ಲಿ "ಹಗ್ಗದಾಣಿ" ಅಂದರೆ ಮುಗಿಯಿತು, ಎದುರಿನವನು ಬಾಯಿ ಮುಚ್ಚಬೇಕು.

ಈ ಹಗ್ಗ ಕಾಯಲು ಒಬ್ಬ ಕಾರಭಾರಿ ಇದ್ದ. ಅವನ ಹೆಸರು ಭರಮಣ್ಣ. ಗಿರಿಜಾ ಮೀಸೆ, ಜರಿ ರುಮಾಲು, ನಡೆಯುವಾಗ ಹೊಟ್ಟೆ ಮುಂದೆ, ಅವನು ಹಿಂದೆ. ಆ ಊರಿನಲ್ಲಿ ಸಿಹಿನೀರಿನ ಬಾವಿ ಒಂದೇ. ಬಾವಿಯ ಪಕ್ಕ ಸಾಲಾಗಿ ಮೂರು ಚೌಕ. ಆ ಮೂರೂ ತನ್ನದಾದರೆ ಅಲ್ಲಿ ಒಂದು ದೊಡ್ಡ ವಾಡೆ ಕಟ್ಟಬಹುದು ಅಂತ ಭರಮಣ್ಣನಿಗೆ ಆಸೆ. ಹಳ್ಳದ ದಂಡೆಯಲ್ಲಿ ಅವನಿಗೆ ಬೇರೆ ನೆಲ ಇತ್ತು. ಹಗ್ಗ ಸರಿಬರುವ ನೆಲ ಕೊಟ್ಟರೆ ಬದಲಿ ಬೇಡ ಅನ್ನುವ ಹಾಗಿಲ್ಲ ಅಂತ ಊರ ಕಟ್ಟಳೆಯೂ ಇತ್ತು. ಹಗ್ಗವಂತೂ ಅವನ ಕೈಯಲ್ಲೇ ಇತ್ತು. ಇನ್ನೇನು ಬೇಕು?

ಮೊದಲು ಹೋದದ್ದು ಬಾಳೆತೋಟದ ಕಲ್ಲಪ್ಪನ ಹತ್ತಿರ.

"ಕಲ್ಲಪ್ಪ, ನಿನ್ನ ಚೌಕ ನನಗ ಬೇಕಾಗೇತಿ. ಹಳ್ಳದ ದಂಡ್ಯಾಗ ಬದಲಿ ನೆಲ ಕೊಡ್ತೀನಿ" ಅಂದ. ಅಲ್ಲಿ ಎಂಟು ಮಾರು ಉದ್ದ, ನಾಲ್ಕು ಮಾರು ಅಗಲ ಗೂಟ ಹೊಡೆದು ಹಗ್ಗ ಸುತ್ತಿದ. ತುದಿಗೆ ತುದಿ ಕೂಡಿತು.

ಕಲ್ಲಪ್ಪ ತಲೆ ಕೆರೆದುಕೊಂಡ. "ಅಗಲ ಕಮ್ಮಿ ಕಾಣಿಸ್ತೈತಲ್ರಿ ದಣಿ?"

"ಅಗಲದಾಗ ಎರಡು ಹೋತು, ಉದ್ದದಾಗ ಎರಡು ಬಂತು. ಹಗ್ಗ ನೋಡು, ಅಷ್ಟಕ್ಕಷ್ಟ."

"ಹಗ್ಗ ಸರಿ ಅಂದ್ರ ನಂದೇನ್ ತಕರಾರಿಲ್ರಿ."

ಕಲ್ಲಪ್ಪ ಮೂವತ್ತಾರು ಬಾಳೆಕಂದು ಹೊತ್ತುಕೊಂಡು ಹೊಸ ನೆಲಕ್ಕೆ ಹೋದ. ಹಳೆಯ ಚೌಕದಲ್ಲಿ ನೆಟ್ಟ ಹಾಗೆಯೇ ಮಾರಿಗೊಂದು ಕಂದು ನೆಟ್ಟ. ಮೂವತ್ತೆರಡು ನೆಟ್ಟಾಗ ಜಾಗ ಮುಗಿಯಿತು. ನಾಲ್ಕು ಕಂದು ಕೈಯಲ್ಲೇ ಉಳಿದವು. ಕಿತ್ತ, ಮತ್ತೆ ನೆಟ್ಟ. ಮತ್ತೂ ನಾಲ್ಕು ಉಳಿದವು. "ನನಗ ವಯಸ್ಸಾತು, ಎಣಸಾಕ ಬರವಲ್ದು" ಅಂತ ಆ ನಾಲ್ಕನ್ನು ಎಮ್ಮೆಗೆ ಹಾಕಿದ. ಪಾಪ, ಹಗ್ಗದ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಎರಡನೆಯದಾಗಿ ಹೋದದ್ದು ಗಾಣದ ಈರಪ್ಪನ ಹತ್ತಿರ. ಈರಪ್ಪ ಎತ್ತು ಕಟ್ಟಿ ಕುಸುಬೆ ಎಣ್ಣೆ ತೆಗೆಯುವವನು. ಭರಮಣ್ಣನ ಧೈರ್ಯ ಈಗ ಹೆಚ್ಚಿತ್ತು. ಹತ್ತು ಮಾರು ಉದ್ದ, ಎರಡು ಮಾರು ಅಗಲ ಗೂಟ ಹೊಡೆದ. ಹಗ್ಗ ಸುತ್ತಿದ. ತುದಿಗೆ ತುದಿ ಕೂಡಿತು.

"ಇದೇನ್ರಿ ದಣಿ, ಓಣಿ ಇದ್ದಂಗ ಐತಿ?"

"ಅಗಲದಾಗ ನಾಕು ಹೋತು, ಉದ್ದದಾಗ ನಾಕು ಬಂತು. ಹಗ್ಗ ನೋಡು, ಅಷ್ಟಕ್ಕಷ್ಟ."

"ಹಗ್ಗ ಸರಿ ಅಂದ್ರ ನಂದೇನ್ ತಕರಾರಿಲ್ರಿ."

ಈರಪ್ಪ ಅಲ್ಲಿ ಗಾಣ ಹೂಡಿದ. ಎತ್ತು ಕಟ್ಟಿದ. ಅರ್ಧ ಸುತ್ತು ಬಂದ ಎತ್ತು ಬೇಲಿಗೆ ಮುಖ ಹಚ್ಚಿ ನಿಂತುಬಿಟ್ಟಿತು. ಈರಪ್ಪ ಗದರಿದ. ಅದು ಮುಂದೆ ಹೋಗಲಿಲ್ಲ. ಹಿಂದೆ ತಿರುಗಿಸಿದ, ಆ ಕಡೆ ಬೇಲಿಗೆ ನಿಂತಿತು. ಹುಟ್ಟಿದಾಗಿನಿಂದ ಹೊಡೆಸಿಕೊಳ್ಳದ ಎತ್ತು ಅದು. "ಇದಕ ಕೊಬ್ಬು ಬಂದೈತಿ" ಅಂತ ಈರಪ್ಪ ಬಾರುಕೋಲು ಎತ್ತಿದ. ಎತ್ತು ಅವನ ಮುಖವನ್ನೇ ನೋಡುತ್ತಾ ನಿಂತಿತ್ತು. ಮಾತು ಬರುವ ಹಾಗಿದ್ದರೆ ಅದು ಏನು ಹೇಳುತ್ತಿತ್ತೋ, ನನಗೆ ಈಗಲೂ ನೆನೆದರೆ ಸಂಕಟವಾಗುತ್ತದೆ.

ಇನ್ನು ಉಳಿದದ್ದು ಮೂರನೆಯ ಚೌಕ. ಅದು ಫಕೀರವ್ವನ ಅಂಗಳ.

ಫಕೀರವ್ವ ಕೌದಿ ಹೊಲಿಯುವವಳು. ಅವಳದು ಅಂತ ಹೆಸರಿಗಷ್ಟೇ, ಅಂಗಳ ಇಡೀ ಓಣಿಯದು. ಮಾನವಮಿ ಮುಗಿದ ಮೇಲೆ ಓಣಿಯ ಹೆಂಗಸರೆಲ್ಲ ಅಡಿಗೆ ಮುಗಿಸಿ ಅಲ್ಲಿಗೆ ಬರುತ್ತಿದ್ದರು. ಸಗಣಿ ಸಾರಿಸಿದ ನೆಲದ ಮೇಲೆ ಕೌದಿ ಹರವಿ, ನಾಲ್ಕೂ ಬದಿಗೆ ಮುಖಕ್ಕೆ ಮುಖ ಕೊಟ್ಟು ಕೂತು, ಅಂಚಿನಿಂದ ಒಳಗೊಳಗೆ ಹೊಲಿಯುತ್ತಾ ಬರುತ್ತಿದ್ದರು. ಒಬ್ಬಳು ಹಾಡು ಎತ್ತಿದರೆ ಎದುರಿನವಳು ಸೊಲ್ಲು ಕೊಡುತ್ತಿದ್ದಳು. ಬೇಳೆ ಸಾಲ, ಸೊಸೆಯ ಚಾಡಿ, ಬಸುರಿಯ ಬಯಕೆ ಎಲ್ಲವೂ ಆ ಅಂಗಳದಲ್ಲಿ ನಡೆಯುತ್ತಿತ್ತು. ಚಳಿ ಬೀಳುವ ಮೊದಲು ಅರಮನೆಯವರಿಗೂ ಅಲ್ಲಿಂದಲೇ ಕೌದಿ ಹೋಗುತ್ತಿದ್ದವು.

ಮತ್ತೆ ಒಂದು ಕೌದಿ ಇತ್ತು, ಅದನ್ನು ಯಾರೂ ಹೊದೆಯುತ್ತಿರಲಿಲ್ಲ. ಅದು ಓಣಿಯ ಕೌದಿ. ಮೊಳ ಅಗಲ, ಮೊಳ ಉದ್ದದ ಚೌಕ ತುಂಡುಗಳು, ಸಾಲಿಗೆ ಆರರಂತೆ ಆರು ಸಾಲು. ಓಣಿಯ ಹುಡುಗಿ ಮದುವೆಯಾಗಿ ಹೋಗುವಾಗ ಅವಳು ಸಣ್ಣವಳಿದ್ದಾಗ ಉಟ್ಟ ಪರಕಾರದ, ಅಂದರೆ ಲಂಗದ, ಒಂದು ತುಂಡು ಅದರಲ್ಲಿ ಸೇರಿಸುತ್ತಿದ್ದರು. ತೀರಾ ಜೀರ್ಣವಾದ ತುಂಡಿನ ಮೇಲೆ ಹೊಸ ತುಂಡು ಹಚ್ಚುವುದು. ಕೆಳಗಿನದನ್ನು ಕೀಳುವ ಹಾಗಿಲ್ಲ. ಹುಡುಗಿ ಎಷ್ಟು ದೂರ ಹೋದರೂ ಅವಳ ಜಾಗ ಓಣಿಯಲ್ಲಿ ಇರಲಿ ಅಂತ. ವರ್ಷಕ್ಕೊಮ್ಮೆ ಅದನ್ನು ಅಂಗಳದಲ್ಲಿ ಹರವಿ, ಸಡಿಲಾದ ಹೊಲಿಗೆ ಬಿಗಿ ಮಾಡುತ್ತಿದ್ದರು. "ಇದು ನಮ್ಮ ಗೌರಿಂದು, ಇದು ಹಿರೇ ಮನಿ ಸಾವಂತ್ರಿದು" ಅಂತ ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ಅಂಥ ಅಂಗಳಕ್ಕೆ ಭರಮಣ್ಣ ಹಗ್ಗ ತಂದ. ಹಳ್ಳದ ದಂಡೆಯಲ್ಲಿ ಹನ್ನೊಂದು ಮಾರು ಉದ್ದ, ಒಂದೇ ಮಾರು ಅಗಲ ಗೂಟ ಹೊಡೆದ. ಹಗ್ಗ ಸುತ್ತಿದ. ತುದಿಗೆ ತುದಿ ಕೂಡಿತು.

"ಇದು ಅಂಗಳ ಏನಪ್ಪ?" ಅಂದಳು ಫಕೀರವ್ವ. "ಗಟಾರ ಇದ್ದಂಗ ಐತಿ."

"ಅಗಲದಾಗ ಐದು ಹೋತು, ಉದ್ದದಾಗ ಐದು ಬಂತು. ಹಗ್ಗ ನೋಡವ್ವ, ಅಷ್ಟಕ್ಕಷ್ಟ. ದೀಪಾವಳಿ ಆದ ಮ್ಯಾಲ ನಿನ್ನ ಅಂಗಳದಾಗ ವಾಡೆದ ಪಾಯ ತೋಡ್ತೀನಿ. ಅಷ್ಟರಾಗ ಖಾಲಿ ಮಾಡು."

ಫಕೀರವ್ವನಿಗೆ ಎಲ್ಲೋ ಮೋಸ ಇದೆ ಅನ್ನಿಸಿತು. ಎಲ್ಲಿ ಅಂತ ತಿಳಿಯಲಿಲ್ಲ. ಹಗ್ಗದ ಮುಂದೆ ಏನು ಹೇಳುವುದು?

ಹೆಂಗಸರು ಹೊಸ ಜಾಗದಲ್ಲಿ ಕೌದಿ ಹರವಲು ನೋಡಿದರು. ಹರವಲು ಆಗಲಿಲ್ಲ, ಎರಡೂ ಬದಿಗೆ ಮಡಚಿಕೊಂಡಿತು. ಮುಖಕ್ಕೆ ಮುಖ ಕೊಟ್ಟು ಕೂರಲು ಆಗಲಿಲ್ಲ, ಒಬ್ಬರ ಬೆನ್ನಿಗೆ ಒಬ್ಬರು ಸಾಲಾಗಿ ಕೂತರು. ಈ ತುದಿಯವಳು ಹಾಡು ಎತ್ತಿದರೆ ಆ ತುದಿಯವಳಿಗೆ ಕೇಳಿಸುತ್ತಿರಲಿಲ್ಲ. ಇವಳು ಬೀಸುವ ಪದ ಹಾಡಿದರೆ ಅವಳು ಸೋಬಾನೆ ಮುಗಿಸುತ್ತಿದ್ದಳು. ಒಬ್ಬೊಬ್ಬರೇ ಬರುವುದು ಬಿಟ್ಟರು. ಓಣಿಯ ಕೌದಿಯನ್ನಂತೂ ಗಂಟಿನಿಂದ ಬಿಚ್ಚಲೇ ಇಲ್ಲ.

ಈಗ ಅರಮನೆಗೆ ಹೋಗೋಣ. ಹೂಂ ಅನ್ನಿ.

ರಾಜನ ತಾಯಿ ಮಲ್ಲಾಂಬೆ ಹಿರಿಯ ರಾಣಿ. ಆದರೆ ಹುಟ್ಟಿದ್ದು ಅದೇ ಓಣಿಯಲ್ಲಿ. ಅಲ್ಲಿ ಅವಳು ಬರೀ ಮಲ್ಲಿ. ಫಕೀರವ್ವನ ಜೊತೆ ಹುಣಸೆ ಬೋಟು ಕದ್ದು ತಿಂದವಳು. ಸೋಮರಾಜನ ಅಪ್ಪ ಮೆಚ್ಚಿ ಮದುವೆ ಮಾಡಿಕೊಂಡು ಹೋದ ಮೇಲೆ ರಾಣಿಯರು ಓಣಿಗೆ ಇಳಿಯಬಾರದು ಅಂತ ಅರಮನೆಯ ಪದ್ಧತಿ. ಎಷ್ಟು ವರ್ಷವಾದರೂ ಅವಳು ಆ ಅಂಗಳ ಮರೆಯಲಿಲ್ಲ. ಮಾನವಮಿಯ ನಂತರ ಸಂಜೆ ಮಾಳಿಗೆ ಹತ್ತಿ ಕೂತು, ಕೆಳಗಿನಿಂದ ಬರುವ ಕೌದಿಯ ಹಾಡು ಕೇಳುತ್ತಿದ್ದಳು. ತುಟಿಯಲ್ಲೇ ಸೊಲ್ಲು ಕೊಡುತ್ತಿದ್ದಳು. ಅವಳ ಪಾಲಿಗೆ ತವರು ಅಂದರೆ ಆ ಹಾಡು.

ಆ ವರ್ಷ ಹಾಡು ಹರಿದು ಹರಿದು ಬಂತು. ಆಮೇಲೆ ನಿಂತೇ ಹೋಯಿತು. ಮಲ್ಲಾಂಬೆಗೆ ಅನ್ನ ಸೇರಲಿಲ್ಲ. ಫಕೀರವ್ವನಿಗೆ ಹೇಳಿ ಕಳಿಸಿದಳು.

ಇಬ್ಬರೂ ಮುದುಕಿಯರು ಒಬ್ಬರನ್ನೊಬ್ಬರು ನೋಡಿದರು. ಒಬ್ಬಳ ಕೊರಳಲ್ಲಿ ಮುತ್ತು, ಒಬ್ಬಳ ಕೊರಳಲ್ಲಿ ಸೂಜಿ ಚುಚ್ಚಿದ ದಾರದ ಉಂಡೆ. ಇಬ್ಬರ ಕಣ್ಣಲ್ಲೂ ನೀರು.

"ಯಾಕ ಫಕೀರಿ, ಹಾಡು ಯಾಕ ನಿಂತೈತಿ?"

"ಏನ್ ಹೇಳ್ಲಿ ಮಲ್ಲಿ… ತಪ್ಪಾತು, ರಾಣ್ಯಾರ…"

"ಮಲ್ಲಿ ಅನ್ನು. ಎಷ್ಟು ವರ್ಷಾತು ಯಾರೂ ಅಂದಿಲ್ಲ."

ಫಕೀರವ್ವ ಎಲ್ಲ ಹೇಳಿದಳು. ಮಲ್ಲಾಂಬೆ ಮಗನನ್ನು ಕರೆದಳು. ಸೋಮರಾಜ ಕೆಟ್ಟವನಲ್ಲ. ತಾನೇ ಹೋಗಿ ಎರಡೂ ಕಡೆ ಹಗ್ಗ ಸುತ್ತಿ ನೋಡಿದ. ಅಲ್ಲೂ ಇಪ್ಪತ್ತನಾಲ್ಕು ಗಂಟು, ಇಲ್ಲೂ ಇಪ್ಪತ್ತನಾಲ್ಕು ಗಂಟು.

"ಅವ್ವ, ಹಗ್ಗ ಸರಿ ಐತಿ. ಮುತ್ತಜ್ಜನ ಮಾತು ನಾ ಹೆಂಗ ಮುರೀಲಿ?" ಅಂದ.

ಅಂದು ಸಂಜೆ ಮಲ್ಲಾಂಬೆ ಮಾಳಿಗೆಯ ಮೇಲೆ ಒಬ್ಬಳೇ ಕೂತಳು. ಹಾಡಿಲ್ಲದ ಸಂಜೆ. ಅವಳಿಗೆ ತನ್ನ ಅವ್ವನ ನೆನಪಾಯಿತು. ಸಣ್ಣವಳಿದ್ದಾಗ ಅವ್ವ ಒಂದು ಕೆಂಪು ಅಂಚಿನ ಪಟ್ಟಿ ಕೊಟ್ಟು "ಗೊಂಬಿಗೆ ಕೌದಿ ಹೊಲಿ" ಅಂದಿದ್ದಳು. ಮಲ್ಲಿ ಜಾಣೆ, ಬೇಗ ಮುಗಿಸಬೇಕೆಂದು ಆ ಪಟ್ಟಿಯ ಒಳಗೆ ಒಂದೇ ಸಾಲು ತುಂಡು ಇಟ್ಟು ಹೊಲಿದಳು. ಉದ್ದಕ್ಕೆ ಹಾವಿನ ಹಾಗಾಯಿತು. ಗೊಂಬೆಯ ಮೇಲೆ ಹಾಕಿದರೆ ಹೊಟ್ಟೆ ಮುಚ್ಚಿತು, ಕೈಕಾಲು ಹೊರಗೆ ಉಳಿದವು. ಅವ್ವ ನಕ್ಕು ನಕ್ಕು ಕೇಳಿದ್ದಳು: "ಹುಚ್ಚಿ, ನಿನ್ನ ಗೊಂಬಿ ಅಂಚು ಹೊದ್ಕೊಂಡು ಮಲಗ್ತೈತೇನ?"

ಮಲ್ಲಾಂಬೆ ನೆಟ್ಟಗೆ ಕೂತಳು. ಅವ್ವ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಅವಳ ನಗು ಮಾತ್ರ ಈಗ ಕಿವಿಯಲ್ಲೇ ಇದ್ದ ಹಾಗಾಯಿತು.

ಮರುದಿನ ಸಭೆಯಲ್ಲಿ ಅವಳು ಭರಮಣ್ಣನನ್ನು ಕರೆದಳು.

"ಕಾರಭಾರ್ಯಾರ, ಚಳಿ ಬಂತು. ಈ ವರ್ಷ ನಿಮಗ ಎಂಥಾ ಕೌದಿ ಬೇಕು?"

ಭರಮಣ್ಣ ಹೊಟ್ಟೆ ಸವರಿಕೊಂಡ. "ದೊಡ್ಡದು ಬೇಕ್ರಿ ಅವ್ವಾರ. ಅರಮನಿ ಕೌದಿ ಅಂದ್ರ ಸುತ್ತಲೂ ಅಂಚು ಇಪ್ಪತ್ನಾಕು ಮೊಳ ಇರತೈತಲ್ರಿ, ಅಂಥಾದ್ದು."

"ಅಂಚು ಇಪ್ಪತ್ನಾಕು ಮೊಳ ಇದ್ರ ಸಾಕಲ್ಲ?"

"ಸಾಕ್ರಿ. ಒಂದು ಗೇಣ ಸೈತ ಕಮ್ಮಿ ಇರಬಾರದ್ರಿ."

"ಎಲ್ಲಾರೂ ಕೇಳಿದ್ರಲ್ಲ?" ಅಂದಳು ಮಲ್ಲಾಂಬೆ. ಎಲ್ಲರೂ ಕೇಳಿದ್ದರು.

ಮಲ್ಲಾಂಬೆ ಹೇಳಿ ಕಳಿಸಿದ ಹಾಗೆ ಫಕೀರವ್ವ ಕೌದಿ ಹೊಲಿದಳು. ಎಲ್ಲಿ ಹೊಲಿದಳು? ಹಳ್ಳದ ದಂಡೆಯ ಆ ಗಟಾರದಂಥ ಜಾಗದಲ್ಲೇ. ಈ ಕೌದಿ ಅಲ್ಲಿ ಚೆನ್ನಾಗಿ ಹರವಿಕೊಂಡಿತು. ಗಟ್ಟಿ ಬಟ್ಟೆ, ಒತ್ತೊತ್ತು ಹೊಲಿಗೆ, ಸುತ್ತಲೂ ಕೆಂಪು ಅಂಚು. ಮಡಚಿ ಭರಮಣ್ಣನ ಮನೆಗೆ ಕಳಿಸಿದಳು.

ಭರಮಣ್ಣ ಹಾಸಿಗೆಯಲ್ಲಿ ಬಿಚ್ಚಿದ. ಬಿಚ್ಚುತ್ತಾ ಹೋದ, ಬಿಚ್ಚುತ್ತಾ ಹೋದ, ಕೌದಿ ಬಾಗಿಲು ದಾಟಿತು. ಹನ್ನೊಂದು ಮೊಳ ಉದ್ದ, ಒಂದೇ ಮೊಳ ಅಗಲ!

ಮೊದಲು ಉದ್ದಕ್ಕೆ ಹೊದ್ದುಕೊಂಡ. ಮೂಗಿನಿಂದ ಹೆಬ್ಬೆರಳವರೆಗೆ ಒಂದು ಪಟ್ಟಿ ಬೆಚ್ಚಗಾಯಿತು, ಎರಡೂ ಪಕ್ಕೆ ಹಿಮ. ಉಳಿದ ಕೌದಿ ನೆಲಕ್ಕೆ ಬಿದ್ದಿತ್ತು, ಅದರ ಮೇಲೆ ನಾಯಿ ಬಂದು ಸುಖವಾಗಿ ಮಲಗಿತು. ಆಮೇಲೆ ಅಡ್ಡ ಹೊದ್ದುಕೊಂಡ. ಹೊಟ್ಟೆ ಬೆಚ್ಚಗಾಯಿತು, ಎದೆಯೂ ಕಾಲೂ ಗಡಗಡ. ಕೊನೆಗೆ ಒಂದು ತುದಿ ಕಂಕುಳಲ್ಲಿ ಸಿಕ್ಕಿಸಿಕೊಂಡು, ಉರುಳಿ ಉರುಳಿ ಮೈಗೆಲ್ಲ ಸುತ್ತಿಕೊಂಡ. ಬೆಳಿಗ್ಗೆ ಏಳಲು ಹೋದರೆ ಕೈ ಬಿಡಿಸಲು ಬರಲಿಲ್ಲ. ಹೆಂಡತಿ ಒಂದು ತುದಿ ಹಿಡಿದು ಎಳೆದಳು, ಕಾರಭಾರಿ ಬುಗುರಿಯ ಹಾಗೆ ತಿರುಗಿ ಹೊರಗೆ ಬಿದ್ದ.

ಮೂಗು ಸೋರಿಸುತ್ತಾ, ಕೌದಿ ಹೆಗಲ ಮೇಲೆ ಹೊತ್ತುಕೊಂಡು, ನೇರ ಸಭೆಗೆ ಬಂದ.

"ಮಾರಾಜರ! ಅವ್ವಾರ! ಮೋಸ ಆಗೇತ್ರಿ! ಈ ಓಣಿ ಹೆಣ್ಮಕ್ಕಳು ನನ್ನ ಕೌದಿ ಕದ್ದಾರ್ರಿ!"

"ಕೌದಿ ನಿಮ್ಮ ಹೆಗಲ ಮ್ಯಾಲ ಐತಲ್ರಿ" ಅಂದಳು ಮಲ್ಲಾಂಬೆ. "ಅಂಚು ಅಳೀರಿ."

ಭಟರು ಅಳೆದರು. ಆ ಉದ್ದ ಹನ್ನೊಂದು, ಈ ಉದ್ದ ಹನ್ನೊಂದು, ಆ ಅಗಲ ಒಂದು, ಈ ಅಗಲ ಒಂದು. ಇಪ್ಪತ್ತನಾಲ್ಕು ಮೊಳ, ಒಂದು ಗೇಣೂ ಕಡಿಮೆ ಇಲ್ಲ.

"ಅಗಲದಾಗ ಐದು ಹೋತು, ಉದ್ದದಾಗ ಐದು ಬಂತು" ಅಂದಳು ಫಕೀರವ್ವ ಮೆಲ್ಲಗೆ. "ಅಂಚು ನೋಡ್ರಿ ದಣಿ, ಅಷ್ಟಕ್ಕಷ್ಟ."

ಭರಮಣ್ಣನಿಗೆ ಸಿಟ್ಟು ನೆತ್ತಿಗೇರಿತು. ಕೌದಿ ನೆಲಕ್ಕೆ ಬಡಿದ. "ಅಂಚು ಅಷ್ಟ ಇದ್ರ ಏನ್ ಮಾಡ್ಲಿ? ಅಂಚು ಹೊದ್ಕೊಂಡು ಮಲಗಾಕ ಆಗತೈತೇನು? ಒಳಗ ಅರಿವಿ ಬೇಕೋ ಬ್ಯಾಡೋ?"

ಹೇಳಿಬಿಟ್ಟ. ಹೇಳಿದ ಮೇಲೆ ಅವನಿಗೇ ಕೇಳಿಸಿತು. ಬಾಯಿ ತೆರೆದದ್ದು ಹಾಗೆಯೇ ಉಳಿಯಿತು.

ಸೋಮರಾಜ ಸಿಂಹಾಸನದಿಂದ ಇಳಿದು ಬಂದ. "ಮತ್ತೊಮ್ಮೆ ಅನ್ರಿ ಕಾರಭಾರ್ಯಾರ."

ಭರಮಣ್ಣ ರುಮಾಲು ಸರಿಪಡಿಸಿಕೊಳ್ಳತೊಡಗಿದ.

ಆಗ ಫಕೀರವ್ವ ಗಂಟು ಬಿಚ್ಚಿ ಓಣಿಯ ಕೌದಿ ತೆಗೆದಳು. ಸಭೆಯ ನಡುವೆ ಹರವಿದಳು. ಪಕ್ಕದಲ್ಲಿ ಭರಮಣ್ಣನ ಕೌದಿ. ಭಟರು ಓಣಿಯ ಕೌದಿಯ ಅಂಚೂ ಅಳೆದರು, ಇಪ್ಪತ್ತನಾಲ್ಕೇ ಮೊಳ. ಮಲ್ಲಾಂಬೆ ಮಗನ ಕೈ ಹಿಡಿದು ಕೂರಿಸಿದಳು.

"ಅಂಚು ಬಿಡು ಮಗನ, ಒಳಗಿನ ತುಂಡು ಎಣಸು."

ರಾಜ ನೆಲದ ಮೇಲೆ ಕೂತು ಎಣಿಸಿದ. ಭರಮಣ್ಣನ ಕೌದಿಯಲ್ಲಿ ಒಂದೇ ಸಾಲು, ಹನ್ನೊಂದು ತುಂಡು. ಓಣಿಯ ಕೌದಿಯಲ್ಲಿ ಸಾಲಿಗೆ ಆರು, ಅಂಥ ಆರು ಸಾಲು. ಆರಾರಲಿ ಮೂವತ್ತಾರು. ಅಂಚು ಅಷ್ಟೇ, ಒಳಗೆ ಇಪ್ಪತ್ತೈದು ತುಂಡು ಮಾಯ!

"ಅಯ್ಯೋ!" ಅಂದ ರಾಜ. "ಹಂಗಾದ್ರ ನೆಲಾನೂ ಹಿಂಗ ಹೋಗೇತಿ!"

ಹಿಂದೆ ನಿಂತಿದ್ದ ಕಲ್ಲಪ್ಪ ಬೆರಳು ಮಡಚಿದ. ಎಂಟರಂತೆ ನಾಲ್ಕು ಸಾಲು, ಎಂಟು ನಾಲ್ಕಲಿ ಮೂವತ್ತೆರಡು. "ನನ್ನ ಎಣಿಕಿ ಸರಿ ಇತ್ತು! ನಾಲ್ಕು ಕಂದು ಅದಕ್ಕ ಉಳದಿದ್ದು!" ಅಂತ ಕೂಗಿದ. ಗಾಣದ ಈರಪ್ಪ ಕೂಗಲಿಲ್ಲ. ಹತ್ತರಂತೆ ಎರಡೇ ಸಾಲು, ಬರೀ ಇಪ್ಪತ್ತು ಅಂತ ಅವನಿಗೂ ತಿಳಿಯಿತು. "ಹಂಗಾದ್ರ ನನ್ನ ಎತ್ತಿಂದು ತಪ್ಪಿರಲಿಲ್ಲೇನ್ರಿ?" ಅಂತ ಕೇಳಿದ. ಯಾರೂ ಉತ್ತರ ಕೊಡುವ ಮೊದಲೇ ಮನೆಗೆ ಓಡಿದ. ಎತ್ತಿನ ಕೊರಳು ತಬ್ಬಿಕೊಂಡು ಮಗುವಿನ ಹಾಗೆ ಅತ್ತನಂತೆ. ಎತ್ತು ಅವನ ಕೈ ನೆಕ್ಕಿತಂತೆ.

ರಾಜ ಮೂರೂ ಚೌಕಗಳನ್ನು ಅವರವರಿಗೆ ಮರಳಿ ಕೊಡಿಸಿದ. ಭರಮಣ್ಣನ ಕಾರಭಾರ ತೆಗೆದ. "ನೀ ಫಕೀರವ್ವಗ ಕೊಟ್ಟ ಹಳ್ಳದ ಪಟ್ಟಿ ಇನ್ನ ನಿಂದು, ಅಲ್ಲೇ ಮನಿ ಕಟ್ಟು" ಅಂದ. "ಹಗ್ಗ ಸರಿ ಐತಿ, ತಕರಾರಿಲ್ಲಲ್ಲ?"

ಭರಮಣ್ಣ ತಲೆ ತಗ್ಗಿಸಿದ. ಅವನ ಜರಿ ರುಮಾಲು ಆ ಚಳಿಯಲ್ಲೂ ಬೆವರಿನಿಂದ ತೊಯ್ದಿತ್ತು.

"ಕೌದಿನಾರ ಸರಿ ಮಾಡ್ಸಿ ಕೊಡ್ರಿ" ಅಂತ ಫಕೀರವ್ವನ ಮುಂದೆ ಕೈ ಮುಗಿದ.

"ಹನ್ನೊಂದು ತುಂಡು ಅದಾವಲ್ಲಪ್ಪ. ಇನ್ನಾ ಇಪ್ಪತ್ತೈದು ತಾ, ಹೊಲ್ದು ಕೊಡ್ತೀನಿ" ಅಂದಳು ಅವಳು. "ಅಂಗಡ್ಯಾಗ ತರಬ್ಯಾಡ. ಮನಿ ಮನಿಗೆ ಹೋಗಿ ಕೇಳಿ ತಾ."

ಇಪ್ಪತ್ತೈದು ತುಂಡು. ಅವಳ ಅಂಗಳದಲ್ಲಿ ಅವನು ಹೊಡೆದುಕೊಂಡ ಮಾರು ಚೌಕವೂ ಅಷ್ಟೇ. ನಿನ್ನೆಯವರೆಗೆ ಹಗ್ಗ ಹಿಡಿದು ಹೋದ ಮನೆಗಳಿಗೆ ಭರಮಣ್ಣ ಬರಿಗೈಯಲ್ಲಿ ಹೋದ. ಯಾರೂ ಇಲ್ಲ ಅನ್ನಲಿಲ್ಲ. ಕಲ್ಲಪ್ಪ ರುಮಾಲಿನ ತುದಿ ಹರಿದು ಕೊಟ್ಟ. ಈರಪ್ಪ ಗಾಣ ಒರೆಸುವ ಬಟ್ಟೆ ಕೊಟ್ಟ, ಆ ಕೌದಿ ಕೊನೆಯವರೆಗೂ ಕುಸುಬೆ ಎಣ್ಣೆ ನಾತ ಹೊಡೆಯುತ್ತಿತ್ತಂತೆ. ಆದರೆ ಬೆಚ್ಚಗಿತ್ತು.

ಮಲ್ಲಾಂಬೆ ಏನು ಮಾಡಿದಳು ಗೊತ್ತಾ? ಸಭೆಯಲ್ಲಿ ಹರವಿದ್ದ ಓಣಿಯ ಕೌದಿಯ ಮೇಲೆ ಬಗ್ಗಿ ಹುಡುಕತೊಡಗಿದಳು. ಮೂರನೆಯ ಸಾಲು, ಅಂಚಿನಿಂದ ಎರಡನೆಯದು. ಹಸಿರು ಬಣ್ಣ, ಹಳದಿ ಚುಕ್ಕೆ. ಅವಳ ಪರಕಾರ. ಅದರ ಪಕ್ಕಕ್ಕೆ ಅವಳ ಅವ್ವನದು. ಅಷ್ಟು ವರ್ಷ ಓಣಿಗೆ ಇಳಿಯದವಳು ಆ ತುಂಡಿನ ಮೇಲೆ ಅಂಗೈ ಇಟ್ಟು ಕೂತುಬಿಟ್ಟಳು. "ನನ್ನ ಜಾಗ ಇಲ್ಲೇ ಐತಲ್ಲ ಫಕೀರಿ" ಅಂದಳು. ರಾಜ ನೋಡಿದ. ಆ ದಿನವೇ ಅರಮನೆಯ ಪದ್ಧತಿ ಮುರಿದ. ಅವತ್ತು ಸಂಜೆ ಅಂಗಳದಲ್ಲಿ ಮತ್ತೆ ಕೌದಿ ಹರವಿದರು, ನಾಲ್ಕೂ ಬದಿಗೆ ಹೆಂಗಸರು ಕೂತರು, ಫಕೀರವ್ವ ಹಾಡು ಎತ್ತಿದಳು. ಎದುರಿನಿಂದ ಸೊಲ್ಲು ಕೊಟ್ಟವಳು ರಾಜನ ತಾಯಿ. ದನಿ ನಡುಗುತ್ತಿತ್ತು, ಆದರೆ ಒಂದು ಸೊಲ್ಲೂ ಮರೆತಿರಲಿಲ್ಲ.

ಅಂದಿನಿಂದ ಕೆಂಪುಗುಡ್ಡದಲ್ಲಿ ಬೇಲಿ ಹಾಕುವವರು ಸುತ್ತಲೂ ಅಳೆದರು. ನೆಲ ಕೊಡುವವರು, ಕೊಳ್ಳುವವರು ಒಳಗಿನ ಮಾರು ಚೌಕ ಎಣಿಸಿದರು. ಸಾಲಿನಲ್ಲಿ ಎಷ್ಟು, ಅಂಥ ಸಾಲು ಎಷ್ಟು, ಎರಡನ್ನೂ ಗುಣಿಸಿದರೆ ಆಯಿತು. ನಿಮ್ಮ ಸಾಲಿ ಮಾಸ್ತರರು ಮೊದಲನೆಯದಕ್ಕೆ ಸುತ್ತಳತೆ ಅನ್ನುತ್ತಾರೆ, ಎರಡನೆಯದಕ್ಕೆ ವಿಸ್ತೀರ್ಣ ಅನ್ನುತ್ತಾರೆ. ನಾವು ಕೌದಿಯ ಅಂಚು, ಕೌದಿಯ ಒಡಲು ಅನ್ನುತ್ತಿದ್ದೆವು. ಮುತ್ತಜ್ಜನ ಹಗ್ಗವನ್ನು ಎಸೆಯಲಿಲ್ಲ. ಫಕೀರವ್ವನ ಅಂಗಳದ ಬೇವಿನ ಮರಕ್ಕೆ ಕಟ್ಟಿ ಜೋಕಾಲಿ ಮಾಡಿದರು. ಅಷ್ಟು ಕಾಲ ದುಡಿದ ಹಗ್ಗ ಮಕ್ಕಳನ್ನು ತೂಗಿ ಸವೆಯಿತು.

ಹಾಗಾಗಿ ನೆನಪಿಡಿ ಮಕ್ಕಳೇ. ಅಂಚು ತೋರಿಸಿ ಒಡಲು ಕದಿಯುವವನಿಗೆ ಒಂದು ದಿನ ತನ್ನ ಅಳತೆಯ ಕೌದಿಯೇ ಹೊದೆಯಲು ಸಿಗುತ್ತದೆ. ಯಾರಾದರೂ "ಅಲ್ಲಿ ಹೋತು, ಇಲ್ಲಿ ಬಂತು, ಅಷ್ಟಕ್ಕಷ್ಟ" ಅಂದರೆ ನಂಬುವ ಮೊದಲು ಒಳಗೆ ಕೂತು ಎಣಿಸಿ. ನಿಮ್ಮ ಎಣಿಕೆ ಸರಿ ಇದ್ದರೆ ನಿಮ್ಮ ಮೇಲೆಯೇ ತಪ್ಪು ಹೊರಿಸಿಕೊಳ್ಳಬೇಡಿ, ಪಾಪದ ಎತ್ತನ್ನೂ ಬೈಯಬೇಡಿ.

ಕಥೆ ಕೌದಿಯೊಳಗೆ ಹೋಯಿತು, ನಾವು ಕೌದಿಯ ಮೇಲೆ ಉಳಿದೆವು. ಏಳಿ, ಮಡಚಬೇಕು. ತಾಳು, ತಾಳು, ನೀನು ಸ್ವಲ್ಪ ಪಕ್ಕಕ್ಕೆ ಸರಿದು ನಿಲ್ಲು ಮಗಾ. ನಿನ್ನ ಮೊಣಕಾಲ ಕೆಳಗಿನ ಆ ನೀಲಿ ತುಂಡು ನನ್ನ ಪರಕಾರದ್ದು. ಅದರ ಪಕ್ಕದ್ದು ನನ್ನ ಅಜ್ಜಿಯದು.